ನಾನು ತಿದ್ದಿದ ವಂಶವೃಕ್ಷ

ಇಪ್ಪತ್ತಾರು ವರ್ಷ ನೈರೋಬಿಯ ಶಾಲೆಯೊಂದರಲ್ಲಿ ಇತಿಹಾಸದ ಪಾಠ ಮಾಡಿದವಳು ನಾನು. ಯಾವ ರಾಜ ಯಾರ ಮಗ, ಯಾರನ್ನು ಕೆಳಗಿಳಿಸಿ ಪಟ್ಟಕ್ಕೆ ಬಂದ ಎಂಬುದನ್ನೆಲ್ಲ ಪುಸ್ತಕ ನೋಡದೆ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಆ ಜಂಬವನ್ನು ಇಳಿಸಿದ್ದು ಸಿರಿವಂತರ ಬಡಾವಣೆ ರುಂಡಾದ ಒಬ್ಬ ವೃದ್ಧೆ ಮತ್ತು ಅವರ ಮನೆತನದ ಕಥೆ. ಆ ಮನೆತನದವರು ಈಜಿಪ್ಟಿನವರೋ, ಕಾಕಸಸ್ ಬೆಟ್ಟಗಳಿಂದ ಬಂದ ಸರ್ಕೇಶಿಯನ್ನರೋ, ಅರಬರೋ ಎಂದು ಇವತ್ತು ಯಾರಾದರೂ ಕೇಳಿದರೆ ನಾನು ತಲೆ ಕೆರೆದುಕೊಳ್ಳುತ್ತೇನೆ. ಗೊತ್ತಿಲ್ಲದ ವಿಷಯದಲ್ಲಿ ಗೊಂದಲವಾದರೆ ಹೋಗಲಿ ಅನ್ನಬಹುದು. ಚೆನ್ನಾಗಿ ಗೊತ್ತಿದೆ ಅಂದುಕೊಂಡ ಒಂದೇ ಒಂದು ವಿಷಯದಲ್ಲಿ ನಾನು ಮಾಡಿದ ಎಡವಟ್ಟು ಆ ಹೆಂಗಸಿಗೆ ಅವರ ಮಣ್ಣಿನ ಜಾಗವನ್ನೇ ತಪ್ಪಿಸುವುದರಲ್ಲಿತ್ತು.

ಶುರು ಮಾಡಿದ್ದು ನನ್ನ ಗಂಡ. ಅವರು ಹಲ್ಲಿನ ಡಾಕ್ಟರು, ಹೈರಿಡ್ಜ್‌ನಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಅವರ ಕ್ಲಿನಿಕ್ಕು. ಒಂದು ಸಂಜೆ ಕಾಫಿ ಲೋಟ ಕೆಳಗಿಡುತ್ತ ಹೇಳಿದರು.

"ನನ್ನ ಪೇಷೆಂಟ್ ಒಬ್ರಿದಾರೆ, ರುಂಡಾದವ್ರು. ಎಂಬತ್ನಾಲ್ಕು ವಯಸ್ಸು. ಅವ್ರ ಫ್ಯಾಮಿಲಿ ಹಿಸ್ಟರಿ ಬರೆದು ಟೈಪ್ ಮಾಡಿಕೊಡೋಕೆ ಯಾರಾದ್ರೂ ಬೇಕಂತೆ. ನಿನ್ನ ಹೆಸ್ರು ಹೇಳ್ಬಿಟ್ಟೆ."

"ನನ್ನ ಒಂದ್ ಮಾತು ಕೇಳ್ದೇನೇ?"

"ರಿಟೈರ್ ಆದ್ಮೇಲೆ ನನ್ನ ಕ್ಲಿನಿಕ್ ಕಪಾಟನ್ನ ಮೂರು ಸಲ ಜೋಡ್ಸಿದೀಯ. ಒಂದು ಸಾಮಾನೂ ಕೈಗೆ ಸಿಕ್ತಿಲ್ಲ. ಇನ್ನು ನಿನ್ನ ಕೇಳೋದೇನಿದೆ?"

ನನಗೆ ಸಿಟ್ಟು ಬಂತು. ಆದರೂ ಮಂಗಳವಾರ ಹೊರಟೆ. ಮಟಾಟು ವ್ಯಾನು ಹಿಡಿದು ಲಿಮುರು ರಸ್ತೆಯಲ್ಲಿ ಇಳಿದು ಉಳಿದ ದೂರವನ್ನು ನಡೆದೆ. ರುಂಡಾದಲ್ಲಿ ನಡೆದು ಬರುವವರನ್ನು ಕಂಡರೆ ಕಾವಲಿನವರಿಗೆ ಅನುಮಾನ. ಗೇಟಿನ ಅಸ್ಕಾರಿ ನನ್ನ ಚೀಲವನ್ನೂ ಚಪ್ಪಲಿಯನ್ನೂ ನೋಡಿ, ಒಳಗೆ ಫೋನು ಮಾಡಿ, ಆಮೇಲೆ "ಕರಿಬು" ಎಂದು ಬಾಗಿಲು ತೆಗೆದ.

ಆ ಮನೆಯಲ್ಲಿ ಎಲ್ಲರೂ ಅವರನ್ನು ಹಾನೆಮ್ ಎಂದು ಕರೆಯುತ್ತಿದ್ದರು. ಹಳೆಯ ಈಜಿಪ್ಟಿನಲ್ಲಿ ದೊಡ್ಡ ಮನೆತನದ ಹೆಂಗಸರನ್ನು ಹಾಗೆ ಕರೆಯುವುದಿತ್ತಂತೆ, ನಮ್ಮಲ್ಲಿ ಅಮ್ಮಾವ್ರು ಅನ್ನುವ ಹಾಗೆ. ಕಡ್ಡಿಯಂಥ ಮೈ, ನೆಟ್ಟಗಿನ ಬೆನ್ನು, ಕಿವಿಯಲ್ಲಿ ಮುತ್ತು. ಇಂಗ್ಲಿಷಿನಲ್ಲಿ ಮಾತಾಡಿದರೂ ರೇಗಿದಾಗ ಫ್ರೆಂಚು ಬರುತ್ತಿತ್ತು. ಚಿಕ್ಕಂದಿನಲ್ಲಿ ಓದಿದ್ದು ಕೈರೋದ ಕ್ರೈಸ್ತ ಸನ್ಯಾಸಿನಿಯರ ಫ್ರೆಂಚ್ ಶಾಲೆಯಲ್ಲಿ. ನೈರೋಬಿಗೆ ಬಂದದ್ದು ಗಿಗಿರಿಯ ಒಂದು ಅಂತರರಾಷ್ಟ್ರೀಯ ಕಚೇರಿಗೆ ಅರೇಬಿಕ್ ಅನುವಾದಕಿಯಾಗಿ. ಕೆಲಸ ಮುಗಿದ ಮೇಲೂ ಇಲ್ಲೇ ಉಳಿದುಬಿಟ್ಟರು.

ತಮಗೆ ಏನು ಬೇಕು ಎಂಬುದನ್ನು ಅವರು ಮೊದಲ ದಿನವೇ ನೇರವಾಗಿ ಹೇಳಿದರು. ಅವರ ಮನೆತನಕ್ಕೆ ನೈಲ್ ನದಿಯ ಮುಖಜಭೂಮಿಯ ಒಂದು ಊರಿನಲ್ಲಿ ಸ್ವಂತ ಸ್ಮಶಾನವಿದೆ. ಅಲ್ಲಿ ಮನೆತನದ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಜಾಗ. ಇಷ್ಟು ದಿನ ಆ ಪುಸ್ತಕದಲ್ಲಿದ್ದದ್ದು ಗಂಡಸರು ಮಾತ್ರ, ಹೆಂಗಸರು ಯಾರ ಮಗಳು, ಯಾರ ಹೆಂಡತಿ ಎಂಬುದನ್ನು ಹಿರಿಯರು ಬಾಯಲ್ಲೇ ಹೇಳುತ್ತಿದ್ದರು. ಆ ಹಿರಿಯರು ಈಗಿಲ್ಲ. ಹೊಸ ಪುಸ್ತಕದಲ್ಲಿ ಹೆಂಗಸರನ್ನೂ ಸೇರಿಸುತ್ತಿದ್ದಾರೆ. ಪ್ರತಿಯೊಬ್ಬರೂ ತಮ್ಮ ಕವಲನ್ನು ಬರೆದು, ಸಹಿ ಹಾಕಿ ಕಳಿಸಬೇಕು.

"ನಾನು ಅಲ್ಲಿಗೆ ಹೋಗಬೇಕು, ಟೀಚರ್," ಅಂದರು. "ವಿಮಾನದ ವ್ಯವಸ್ಥೆಯೆಲ್ಲ ವಕೀಲರ ಹತ್ತಿರ ಬರೆಸಿಟ್ಟಿದ್ದೇನೆ. ಈಗ ಬೇಕಾಗಿರೋದು ಪುಸ್ತಕದಲ್ಲಿ ಹೆಸರು. ಇಲ್ಲಿ ನೈರೋಬಿಯಲ್ಲಿ ನನ್ನನ್ನು ಮಣ್ಣು ಮಾಡಬಾರದು."

ಎಂಬತ್ತನಾಲ್ಕರಲ್ಲೂ ಊರ ಮಣ್ಣಿನ ದೊಡ್ಡಸ್ತಿಕೆ ಬಿಟ್ಟಿಲ್ಲವಲ್ಲ ಎಂದು ನಾನು ಒಳಗೊಳಗೇ ಮೂಗು ಮುರಿದೆ.

ಆಮೇಲೆ ಮಂಗಳವಾರಗಳು ಶುರುವಾದವು, ಅದರ ಜೊತೆ ನನ್ನ ತಲೆನೋವೂ. ಮೊದಲ ವಾರ ಹಾನೆಮ್ ಹೇಳಿದ ಕಥೆ ಹೀಗಿತ್ತು. ಮೂಲಪುರುಷ ಸರ್ಕೇಶಿಯನ್ ಹುಡುಗ. ಕಪ್ಪು ಸಮುದ್ರದ ಆಚೆಯ ಬೆಟ್ಟಗಳಿಂದ ಅವನನ್ನು ಕೊಂಡು ತಂದು, ಕೈರೋದಲ್ಲಿ ಕುದುರೆ ಸವಾರಿ ಮತ್ತು ಕತ್ತಿವರಸೆ ಕಲಿಸಿ ಸೈನಿಕನನ್ನಾಗಿ ಮಾಡಿದರು. ಹಾಗೆ ಕೊಂಡು ತಂದ ಸೈನಿಕರೇ ಒಂದು ಕಾಲಕ್ಕೆ ಆ ದೇಶವನ್ನು ಆಳಿದರು. ಅಷ್ಟು ನನಗೂ ಗೊತ್ತಿತ್ತು, ಪಠ್ಯಪುಸ್ತಕದಲ್ಲಿ ಅವರ ಬಗ್ಗೆ ಅರ್ಧ ಪುಟವಿತ್ತು. ನಾನು ಉತ್ಸಾಹದಿಂದ ನಾಲ್ಕು ಪುಟ ಬರೆದುಕೊಂಡೆ.

ಎರಡನೆಯ ವಾರ ಆ ಹುಡುಗನೇ ಇರಲಿಲ್ಲ. ಮೂಲಪುರುಷ ಆ ನಾಡಿನಲ್ಲಿ ಮೊದಲಿನಿಂದಲೂ ನೆಲೆಸಿದ್ದ ಅರಬರ ಮುಖಂಡ. ಸರ್ಕೇಶಿಯನ್ ಆಗಿದ್ದವಳು ಅವನ ಹೆಂಡತಿ. ಆಕೆ ಎಷ್ಟು ಬಿಗಿಯಾಗಿದ್ದಳೆಂದರೆ ಊರಿನವರು ಮಕ್ಕಳನ್ನು ಅಪ್ಪನ ಹೆಸರಿನಿಂದ ಗುರುತಿಸುವುದು ಬಿಟ್ಟು "ಆ ಸರ್ಕೇಶಿಯನ್ ಹೆಂಗಸಿನ ಮಕ್ಕಳು" ಎಂದು ಕರೆಯತೊಡಗಿದರಂತೆ. ಮನೆತನದ ಹೆಸರು ಬಂದದ್ದು ಹಾಗೆ.

"ಹೋದ ವಾರ ಬೇರೆ ಥರ ಹೇಳಿದ್ರಲ್ಲ?" ಅಂದೆ.

"ಅದು ನನ್ನ ತಂದೆ ಹೇಳುತ್ತಿದ್ದದ್ದು. ಇದು ಅಜ್ಜಿ ಹೇಳುತ್ತಿದ್ದದ್ದು."

"ಎರಡರಲ್ಲಿ ನಿಜ ಯಾವುದು?"

"ಅದು ಊಟಕ್ಕೆ ಯಾರು ಬಂದಿದ್ದಾರೆ ಅನ್ನೋದರ ಮೇಲೆ. ಅರಮನೆಯವರು ಬಂದರೆ ನಾವು ಸರ್ಕೇಶಿಯನ್ನರು. ಹಳ್ಳಿಯ ಹಿರಿಯರು ಬಂದರೆ ಅರಬರು."

ನಾನು ಪೆನ್ನು ಕೆಳಗಿಟ್ಟೆ. ಹಾಗಾದರೆ ನೀವು ಯಾರು ಎಂದು ಕೇಳಿಯೇಬಿಟ್ಟೆ. ಸರ್ಕೇಶಿಯನ್ ಭಾಷೆಯ ಒಂದಾದರೂ ಶಬ್ದ ಬರುತ್ತದೆಯೇ? ಬರುವುದಿಲ್ಲ. ಆ ಬೆಟ್ಟಗಳನ್ನು ಮನೆಯಲ್ಲಿ ಯಾರಾದರೂ ನೋಡಿದ್ದಾರೆಯೇ? ಇಲ್ಲ. ಹಾನೆಮ್ ಮುಖ ಕೆಂಪಗೆ ಮಾಡಿಕೊಂಡರು. "ನಾವು ಈಜಿಪ್ಟಿನವರು. ನಿಮ್ಮ ಈ ನೈರೋಬಿ ಬರೀ ಜೌಗು ನೆಲವಾಗಿದ್ದಾಗಿನಿಂದ ನಾವು ಈಜಿಪ್ಟಿನವರು!" ಅಂದರು. ನೈರೋಬಿ ನನ್ನದು ಯಾವಾಗ ಆಯಿತು ಎಂದು ನನಗೂ ಗೊತ್ತಿಲ್ಲ. ಮೂವತ್ತು ವರ್ಷದಿಂದ ಇಲ್ಲಿದ್ದರೂ ಅಂಗಡಿಯಲ್ಲಿ ನಾನು ಮುಹಿಂದಿ, ಅಂದರೆ ಇಂಡಿಯಾದವಳು. ಮೈಸೂರಿಗೆ ಹೋದರೆ ಆಫ್ರಿಕಾದವಳು. ಇದನ್ನು ಹೇಳೋಣವೆನ್ನಿಸಿತು, ಆದರೆ ಅವರ ಕೋಪ ನೋಡಿ ಬಾಯಿ ಮುಚ್ಚಿಕೊಂಡೆ.

ಸರ್ಕೇಶಿಯನ್ ಅಂತ ಆ ಮನೆಯಲ್ಲಿ ಉಳಿದಿದ್ದದ್ದು ಒಂದು ಅಡುಗೆ ಮಾತ್ರ. ಅಕ್ರೋಟು ರುಬ್ಬಿ, ಬ್ರೆಡ್ಡು ನೆನೆಸಿ ಮಾಡಿದ ಗಟ್ಟಿ ಸಾರಿನಲ್ಲಿ ಕೋಳಿ ಹಾಕುತ್ತಾರೆ. ನಾನು ಮಾಂಸ ತಿನ್ನುವುದಿಲ್ಲವೆಂದು ಗೊತ್ತಾದ ಮೇಲೆ ಹಾನೆಮ್ ಅಡುಗೆಯಾಕೆಗೆ ಹೇಳಿ ಕೋಳಿಯಿಲ್ಲದೆ ಬರೀ ಸಾರನ್ನು ಅನ್ನದ ಮೇಲೆ ಹಾಕಿಸುತ್ತಿದ್ದರು. ಕೋಳಿಯಿಲ್ಲದಿದ್ದರೆ ಅದಕ್ಕೆ ಆ ಹೆಸರೇ ಇಲ್ಲವೆಂದು ಪ್ರತಿ ಸಲ ಗೊಣಗುತ್ತಿದ್ದರು. ನನಗೆ ಮಾತ್ರ ಅದು ಬಹಳ ರುಚಿಸುತ್ತಿತ್ತು, ಎರಡು ಸಲ ಹಾಕಿಸಿಕೊಳ್ಳುತ್ತಿದ್ದೆ.

ಮನೆತನದ ದೊಡ್ಡಸ್ತಿಕೆಯ ಬಗ್ಗೆ ಅವರು ಹೇಳುವುದರಲ್ಲಿ ಗೊಂದಲವಿರಲಿಲ್ಲ. ಕಣ್ಣು ಹಾಯುವವರೆಗೂ ಹತ್ತಿಯ ಹೊಲ. ಮಂತ್ರಿಗಳು, ನ್ಯಾಯಾಧೀಶರು, ಪತ್ರಿಕೆ ನಡೆಸಿದವರೊಬ್ಬರು. ಅಜ್ಜ ಕೈರೋದಿಂದ ಬರುವ ದಿನ ರೈಲು ಅವರ ಹೊಲದ ಪಕ್ಕದಲ್ಲಿ ನಿಲ್ಲುತ್ತಿತ್ತು. ಒಕ್ಕಲಿನವರು ಕೈಗೆ ಮುತ್ತಿಡುತ್ತಿದ್ದರು ಎಂದು ಹಾನೆಮ್ ಹೇಳಿದ್ದು ಇವತ್ತು ಬಿಸಿಲು ಜಾಸ್ತಿ ಎನ್ನುವ ಹಾಗೆ. ಆಮೇಲೆ ರಾಜನೂ ಹೋದ, ಪಾಶಾ ಎಂಬ ಬಿರುದೂ ಹೋಯಿತು, ಭೂಮಿಯನ್ನು ಸರ್ಕಾರ ಹಂಚಿತು. ಅಧಿಕಾರಿಗಳು ಮನೆಗೆ ಬಂದಾಗ ಈಕೆ ಪಿಯಾನೋ ಕಲಿಯುತ್ತ ಕೂತಿದ್ದ ಹುಡುಗಿ. ಪಾಠ ಮುಗಿಯುವ ತನಕ ಕಾದು ಪಿಯಾನೋಗೆ ಮೊಹರು ಹಾಕಿದರಂತೆ. "ಬಹಳ ಮರ್ಯಾದಸ್ಥರು," ಅಂದರು ಹಾನೆಮ್. ಅದು ವ್ಯಂಗ್ಯವೋ ನಿಜವೋ ನನಗೆ ತಿಳಿಯಲಿಲ್ಲ.

ಅವರ ಸ್ವಂತ ಬದುಕಿನ ವಿಷಯ ಮೂರು ಸಾಲಿನಲ್ಲಿ ಮುಗಿಯಿತು. ಇಪ್ಪತ್ತಕ್ಕೆ ನಂಟರ ಪೈಕಿಯಲ್ಲೇ ಮದುವೆ. ಮೂವತ್ತೊಂದಕ್ಕೆ ವಿಚ್ಛೇದನ, ಗಂಡನಿಗೆ ಗಂಡುಮಗು ಬೇಕಿತ್ತು. "ಮಕ್ಕಳಿಲ್ಲ," ಅಂದರು. ಗಂಡ ಮತ್ತೆ ಮದುವೆಯಾದರು, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಎರಡನೆಯ ಹೆಂಡತಿಯ ಮಗನೇ ಈಗ ಕೈರೋದಲ್ಲಿ ಆ ಪುಸ್ತಕದ ಸಮಿತಿಗೆ ಮುಖ್ಯಸ್ಥ. ಅವನು ಹುಟ್ಟುವ ಮೊದಲೇ ಈಕೆ ಆ ಮನೆ ಬಿಟ್ಟಿದ್ದರು, ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ.

ನಂಟರಲ್ಲೇ ಮದುವೆ ಎಂದಾಗ ನನಗೆ ಅವರ ಮೇಲೆ ಮೊದಲ ಸಲ ಸಲಿಗೆ ಹುಟ್ಟಿತು. ನನ್ನದೂ ಹಾಗೇ ಎಂದೆ. ನನ್ನ ಗಂಡ ನನ್ನ ಸೋದರಮಾವನ ಮಗ. ಮದುವೆಗೆ ಮುಂಚೆ ಭಾವ ಎಂದು ಕರೆಯುತ್ತಿದ್ದವಳು ಮದುವೆಯಾದ ಮೇಲೆ "ರೀ" ಎನ್ನಲು ಕಲಿತೆ. ನಮ್ಮ ಶಾಲೆಯ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ ಅವರ ಮುಖ ಹುಳ್ಳಗಾಗುತ್ತಿತ್ತು. ಹಾನೆಮ್ ಮಾತ್ರ ಖುಷಿಯಿಂದ ನನ್ನ ಕೈ ತಟ್ಟಿದರು. "ಅಂದರೆ ನಿಮ್ಮವರೂ ತಿಳಿದವರೇ," ಅಂದರು. ಯಾವ ಕಡೆಯ ನಂಟು ಎಂದು ಅವರು ನನ್ನನ್ನು ಕೇಳಲಿಲ್ಲ. ನಾನೂ ಅವರನ್ನು ಕೇಳಲಿಲ್ಲ.

ಕೊನೆಗೆ ವಂಶವೃಕ್ಷ. ಹಾನೆಮ್ ಅದನ್ನು ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆಗಳ ಹಿಂದೆ ಪೆನ್ಸಿಲಿನಲ್ಲಿ ಗೀಚಿದ್ದರು. ಕೈ ನಡುಗಿ ಗೆರೆಗಳು ಎಲ್ಲೆಲ್ಲೋ ಹೋಗಿದ್ದವು. ಅಲ್ಲದೆ ಆ ಮನೆತನದಲ್ಲಿ ಪ್ರತಿ ತಲೆಮಾರಿನಲ್ಲೂ ಗಂಡಸರಿಗೆ ಅವೇ ನಾಲ್ಕು ಹೆಸರು. ನಾನು ನ್ಗಾರಾ ಪೇಟೆಗೆ ಹೋಗಿ ದೊಡ್ಡ ಬಿಳಿ ಹಾಳೆಗಳನ್ನು ತಂದು, ನಮ್ಮ ಊಟದ ಮೇಜಿನ ಮೇಲೆ ಹರಡಿ, ಒಂದು ಮಧ್ಯಾಹ್ನ ಎಲ್ಲವನ್ನೂ ನೀಟಾಗಿ ಬಿಡಿಸಲು ಕೂತೆ.

ಆಗಲೇ ಅದು ಕಣ್ಣಿಗೆ ಬಿತ್ತು. ಹಾನೆಮ್ ತಮ್ಮ ಹೆಸರಿನಿಂದ ಗೆರೆ ಎಳೆದು ತಮ್ಮ ತಂದೆಯ ಹೆಸರಿಗೆ ಸೇರಿಸಿದ್ದರು. ಆ ತಂದೆಯ ಗೆರೆ ಹೋಗಿ ಸೇರಿದ್ದು ಗಂಡನ ತಂದೆಯ ಪಕ್ಕಕ್ಕೆ, ತಮ್ಮನಾಗಿ. ಅಂದರೆ ಅವರು ಮದುವೆಯಾದದ್ದು ದೊಡ್ಡಪ್ಪನ ಮಗನನ್ನು. ನನಗೆ ನಗು ಬಂತು. ಅಯ್ಯೋ ಪಾಪ, ಮುದುಕಿ ಕೈ ಜಾರಿ ಅಣ್ಣನನ್ನೇ ಗಂಡ ಮಾಡಿಕೊಂಡುಬಿಟ್ಟಿದೆ ಅಂದುಕೊಂಡೆ. ದೊಡ್ಡಪ್ಪನ ಮಕ್ಕಳೆಂದರೆ ನನಗೆ ಅಣ್ಣಂದಿರು, ಅಕ್ಕಂದಿರು. ನನ್ನ ದೊಡ್ಡಪ್ಪನ ಮಗ ನನ್ನ ಮದುವೆಯಲ್ಲಿ ಅಣ್ಣನ ಸ್ಥಾನದಲ್ಲಿ ನಿಂತು ನನ್ನ ಕೈಗೆ ಅರಳು ಹಾಕಿದವನು. ಅವನನ್ನು ಮದುವೆಯಾಗುವುದೆಂದರೆ, ಛೇ, ಯೋಚನೆ ಕೂಡ ಬರುವುದಿಲ್ಲ.

ಅದೇ ಹಾಳೆಯಲ್ಲಿ ಇನ್ನೂ ಒಂದು ಕಂಡಿತು. ಗಂಡನ ತಾಯಿ ಅಲೆಕ್ಸಾಂಡ್ರಿಯಾದ ಬೇರೆ ಕುಟುಂಬದವರು. ಅವರಿಗೊಬ್ಬ ತಮ್ಮನಿದ್ದ, ಅವನ ಹೆಸರೂ ಹಾನೆಮ್ ತಂದೆಯ ಹೆಸರೂ ಒಂದೇ. ಸರಿ, ಸಿಕ್ಕಿತು ಅಂದುಕೊಂಡೆ. ಗೆರೆ ಒಂದು ಸಾಲು ಪಕ್ಕಕ್ಕೆ ಜಾರಿದೆ. ಈಕೆ ಗಂಡನ ಸೋದರಮಾವನ ಮಗಳು, ನನ್ನ ಮತ್ತು ನನ್ನ ಗಂಡನ ಹಾಗೇ ಕೊಡುಕೊಳ್ಳುವ ನಂಟು. ರಬ್ಬರು ತೆಗೆದುಕೊಂಡು ಅವರ ಹಾಳೆಯಲ್ಲೇ ಅಳಿಸಿ, ಹಾನೆಮ್‌ರನ್ನು ಅಲೆಕ್ಸಾಂಡ್ರಿಯಾದ ಆ ಮಾವನ ಕೆಳಗೆ ಇಳಿಸಿದೆ. ಬೇರೆ ಯಾರಾದರೂ ಆಗಿದ್ದರೆ ಒಂದು ಫೋನು ಮಾಡಿ ಕೇಳುತ್ತಿದ್ದರು. ನಾನು ಕೇಳಲಿಲ್ಲ, ಏಕೆಂದರೆ ನನಗೆ ಗೊತ್ತಿತ್ತು. ಮುದುಕಿಗೆ ಮುಜುಗರವಾಗುವುದು ಬೇಡ ಎಂಬ ದೊಡ್ಡ ಮನಸ್ಸೂ ಜೊತೆಗಿತ್ತು.

ಟೈಪು ಮಾಡಿ, ಅಚ್ಚು ಹಾಕಿಸಿ ಒಯ್ದೆ. ಅಕ್ಷರ ಸಣ್ಣದಾಗಿತ್ತು. ಹಾನೆಮ್ ಕನ್ನಡಕ ಹುಡುಕಿಸಲಿಲ್ಲ. "ನೀವು ಟೀಚರ್, ನೀವು ನೋಡಿದ್ದರೆ ಸಾಕು," ಎಂದು ಪ್ರತಿ ಪುಟಕ್ಕೂ ಸಹಿ ಹಾಕಿದರು. ನಾನೇ ಸ್ಕ್ಯಾನ್ ಮಾಡಿ ಕೈರೋಗೆ ಮೇಲ್ ಕಳಿಸಿದೆ.

ಉತ್ತರ ನನ್ನ ಮೇಲ್‌ಗೇ ಬಂತು, ಮೂರು ವಾರದ ನಂತರ. ಬಹಳ ವಿನಯದ ಇಂಗ್ಲಿಷು. ಮಾನ್ಯರು ಸ್ವತಃ ಸಹಿ ಮಾಡಿ ಕಳಿಸಿದ ಪತ್ರದ ಪ್ರಕಾರ ಅವರು ಮನೆತನದಲ್ಲಿ ಹುಟ್ಟಿದವರಲ್ಲ, ಸೊಸೆಯಾಗಿ ಬಂದವರು. ವಿಚ್ಛೇದನದ ನಂತರ ಆ ಸಂಬಂಧವೂ ಮುಗಿದಿದೆ. ಆದ್ದರಿಂದ ಅವರ ಹೆಸರನ್ನು ಸೇರಿಸಲಾಗದು, ಸ್ಮಶಾನದಲ್ಲಿ ಜಾಗವನ್ನೂ ಕೊಡಲಾಗದು ಎಂದು ವಿಷಾದದಿಂದ ತಿಳಿಸುತ್ತೇವೆ ಎಂದಿತ್ತು.

ನಾನು ಎರಡು ಸಲ, ಮೂರು ಸಲ ಓದಿದೆ. ಹುಟ್ಟಿದವರಲ್ಲ ಎಂದರೇನು? ಈಕೆ ಆ ಮನೆಯಲ್ಲೇ ಪಿಯಾನೋ ಕಲಿತವರು. ಅಜ್ಜನ ರೈಲು ನಿಲ್ಲುವುದನ್ನು ಕಂಡವರು. ಸೋದರಮಾವನ ಮಗಳಾದರೆ ಆ ಮನೆಯಲ್ಲಿ ಯಾಕಿದ್ದರು? ಈ ಪ್ರಶ್ನೆ ನನಗೆ ಇಷ್ಟು ದಿನ ಹೊಳೆದಿರಲಿಲ್ಲ. ರಾತ್ರಿಯ ಊಟಕ್ಕೆ ತರಕಾರಿ ಹೆಚ್ಚುತ್ತಿದ್ದವಳು ಚಾಕು ಬಿಟ್ಟು ಗಂಡನ ಹತ್ತಿರ ಹೋದೆ.

"ರೀ, ದೊಡ್ಡಪ್ಪನ ಮಗನ್ನ ಮದ್ವೆ ಆಗೋದು ಎಲ್ಲಾದ್ರೂ ಉಂಟಾ?"

"ಅವ್ರಲ್ಲಿ ಹಾಗೇನೇ ಕಣೆ. ಚಿಕ್ಕಪ್ಪ ದೊಡ್ಡಪ್ಪನ ಮಕ್ಳಿಗೇ ಮೊದ್ಲು ಹಕ್ಕು. ನನ್ನ ಪೇಷೆಂಟ್ಸ್‌ನಲ್ಲಿ ಅರ್ಧ ಜನ ಹಾಗೇ ಆಗಿರೋರು." ಪೇಪರಿನಿಂದ ತಲೆಯೆತ್ತಿ ನನ್ನ ಮುಖ ನೋಡಿದರು. "ಯಾಕೆ? ಏನ್ ಮಾಡ್ದೆ?"

ಹೇಳಿದೆ. ಅವರು ನಗಲಿಲ್ಲ. ಅವರು ನಗದಿದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಅಲ್ಲೇ ಕೂತಿದ್ದ ನಮ್ಮ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅವಳು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಹೇಳಿದಳು. "ಅಮ್ಮಾ, ಯು ಮ್ಯಾರೀಡ್ ಯುವರ್ ಕಸಿನ್. ಯು ಡೋಂಟ್ ಗೆಟ್ ಟು ಜಡ್ಜ್."

"ಅದು ಬೇರೆ, ಇದು ಬೇರೆ," ಅಂದೆ.

"ಹೌ?"

ಹೇಗೆ ಬೇರೆ? ಅಮ್ಮನ ತಮ್ಮನ ಮಗನಾದರೆ ಗಂಡ, ಅಪ್ಪನ ಅಣ್ಣನ ಮಗನಾದರೆ ಅಣ್ಣ. ಅಷ್ಟು ಸ್ಪಷ್ಟವಾಗಿ ಗೊತ್ತಿದ್ದದ್ದಕ್ಕೆ ಒಂದು ಕಾರಣ ಕೊಡು ಅಂದರೆ ನನ್ನ ಹತ್ತಿರ ಇಲ್ಲ. ಇತಿಹಾಸದ ಟೀಚರು ನಾನು! ಮಕ್ಕಳಿಗೆ ಪ್ರತಿ ವರ್ಷ ಮೊದಲ ಪಾಠದಲ್ಲಿ, ದಾಖಲೆಯನ್ನು ನಿಮ್ಮಿಷ್ಟಕ್ಕೆ ತಿದ್ದಬೇಡಿ ಎಂದು ಹೇಳುತ್ತಿದ್ದವಳು.

ಮಂಗಳವಾರದ ತನಕ ಕಾಯಲಾಗಲಿಲ್ಲ. ಮಾರನೆಯ ಬೆಳಗ್ಗೆಯೇ ಹೋದೆ. ಹಾನೆಮ್ ತೋಟದಲ್ಲಿ ಬಿಸಿಲಿಗೆ ಕೂತಿದ್ದರು. ಕೂರುವ ಮೊದಲೇ ಹೇಳಿಬಿಟ್ಟೆ. ನಿಮ್ಮ ತಂದೆಯನ್ನು ನಾನು ಬದಲಾಯಿಸಿದ್ದೇನೆ, ಸರಿ ಮಾಡುತ್ತಿದ್ದೇನೆ ಅಂದುಕೊಂಡು ಮಾಡಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

"ಯಾಕೆ ಬದಲಾಯಿಸಿದಿರಿ?"

"ದೊಡ್ಡಪ್ಪನ ಮಗ ನಮ್ಮಲ್ಲಿ ಸ್ವಂತ ಅಣ್ಣ ಇದ್ದ ಹಾಗೆ. ಮದುವೆಯಾಗುವಂತಿಲ್ಲ."

"ಮತ್ತೆ ನಿಮ್ಮ ಗಂಡ?"

"ತಾಯಿಯ ತಮ್ಮನ ಮಗ. ಅದು ಆಗಬಹುದು."

"ತಾಯಿಯ ತಮ್ಮನ ಮಗ ಆಗಬಹುದು. ತಂದೆಯ ಅಣ್ಣನ ಮಗ ಆಗಬಾರದು." ಅವರು ಬೆರಳು ಮಡಚಿ ಲೆಕ್ಕ ಹಾಕಿದರು, ಮತ್ತೆ ಬಿಡಿಸಿದರು. "ಯಾಕೆ?"

"ನನಗೂ ಗೊತ್ತಿಲ್ಲ," ಅಂದೆ.

ಹಾನೆಮ್ ನಗತೊಡಗಿದರು. ಕೆಮ್ಮು ಬರುವವರೆಗೂ, ಅಡುಗೆಯಾಕೆ ನೀರು ಹಿಡಿದು ಓಡಿ ಬರುವವರೆಗೂ ನಕ್ಕರು. ಇಷ್ಟು ವಾರ ನನ್ನ ಮನೆತನದಲ್ಲಿ ತಲೆಬುಡವಿಲ್ಲ ಅಂತ ಮುಖ ಗಂಟು ಹಾಕಿ ಕೂರುತ್ತಿದ್ದಿರಲ್ಲ ಟೀಚರ್, ನಿಮ್ಮದು ಇನ್ನೂ ಚೆನ್ನಾಗಿದೆ ಅಂದರು. ಅವರು ನಗುತ್ತಿರುವಾಗಲೇ ನಾನು ಕೈರೋದ ಪತ್ರವನ್ನು ಅವರ ಮುಂದಿಡಬೇಕಾಯಿತು. ಜೀವನದಲ್ಲಿ ನನಗೆ ಅಷ್ಟು ಕಷ್ಟವಾದ ಕೆಲಸ ಬೇರೆ ನೆನಪಿಲ್ಲ. ಈ ಸಲ ಅವರು ಕನ್ನಡಕ ಹಾಕಿಕೊಂಡು, ತಾವೇ ನಿಧಾನವಾಗಿ ಓದಿದರು. ಓದಿ ಮುಗಿಸಿ ಪತ್ರವನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು.

"ಸರಿ ಮಾಡೋಣ, ಹಾನೆಮ್," ಅಂದೆ. "ನಿಮ್ಮ ಗಂಡನ ಪಕ್ಕದಲ್ಲೇ ನಿಮಗೆ ಜಾಗ ಸಿಗುವ ಹಾಗೆ ಮಾಡ್ತೀನಿ."

"ಗಂಡನ ಪಕ್ಕ?" ಅವರು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. "ಅಲ್ಲಿ ನೆಲದಡಿ ಎರಡು ಕೋಣೆಗಳಿವೆ. ಒಂದು ಗಂಡಸರದು, ಒಂದು ಹೆಂಗಸರದು. ಅವನು ಆ ಕೋಣೆಯಲ್ಲಿದ್ದಾನೆ, ಇರಲಿ. ನನ್ನ ಮಗಳು ಹೆಂಗಸರ ಕೋಣೆಯಲ್ಲಿದ್ದಾಳೆ."

ಮಕ್ಕಳಿಲ್ಲ ಎಂದು ಅವರೇ ಹೇಳಿದ್ದರು. ಅದನ್ನು ಹಾಗೇ ಟೈಪು ಮಾಡಿದ್ದೆ ಕೂಡ.

"ನಾಲ್ಕು ವರ್ಷದವಳು. ಜ್ವರ," ಅಂದರು. "ಅವಳನ್ನು ಇಳಿಸುವಾಗ ಹೆಂಗಸರು ಹೋಗಬಾರದು ಅಂತ ನನ್ನನ್ನು ಬಿಡಲಿಲ್ಲ. ಮೆಟ್ಟಿಲಿಳಿದ ತಕ್ಷಣ ಎಡಗಡೆಗೆ ಮಲಗಿಸಿದೆವು ಅಂತ ಬಂದು ಹೇಳಿದರು. ಅವಳಿಗೆ ಕತ್ತಲೆ ಅಂದರೆ ಆಗುತ್ತಿರಲಿಲ್ಲ, ಟೀಚರ್."

ಊರ ಮಣ್ಣಿನ ದೊಡ್ಡಸ್ತಿಕೆ ಎಂದು ಮೂಗು ಮುರಿದವಳು ನಾನೇ. ಪೂರ್ತಿ ಎರಡು ತಿಂಗಳು ಈ ಹೆಂಗಸಿನ ಎದುರು ಕೂತು, ಮಂತ್ರಿಗಳು ಯಾರು, ಪಾಶಾಗಳು ಯಾರು ಎಂದು ಕೆದಕಿದ್ದೆ. ಮಗುವಿತ್ತೇ ಎಂದು ಕೇಳಿರಲಿಲ್ಲ. ನನಗೆ ಅಳು ಬಂತು. ಹಾನೆಮ್ ನನಗೆ ತಮ್ಮ ಕರವಸ್ತ್ರ ಕೊಟ್ಟು, ಅಳುವುದು ಆಮೇಲೆ, ಮೊದಲು ಪತ್ರ ಬರೆಯಿರಿ ಅಂದರು.

ತಿದ್ದಿದ ಹಾಳೆಯನ್ನು ಅಂದೇ ಕಳಿಸಿದೆ. ಎರಡೇ ದಿನದಲ್ಲಿ ಉತ್ತರ. ಒಂದೇ ಕೈಯ ಎರಡು ಸಹಿಗಳಲ್ಲಿ ತಂದೆ ಬೇರೆ ಬೇರೆಯಾಗಿದ್ದಾರೆ, ಯಾವುದನ್ನು ನಂಬಬೇಕು? ಮಾನ್ಯರ ನೆನಪಿನ ಶಕ್ತಿಯ ಬಗ್ಗೆ ಸಮಿತಿಗೆ ಕಳವಳವಿದೆ ಎಂದಿತ್ತು. ಹಾನೆಮ್ ಅವರ ನೆನಪು ನನ್ನದಕ್ಕಿಂತ ಚುರುಕು. ತಪ್ಪು ಮಾಡಿದ್ದು ನಾನು, ಮರೆಗುಳಿ ಎನ್ನಿಸಿಕೊಂಡದ್ದು ಅವರು.

ಆ ರಾತ್ರಿಯಲ್ಲ, ಮಾರನೆಯ ದಿನ ಹಗಲು ಹೊತ್ತಿನಲ್ಲಿ, ತಲೆ ಸ್ವಸ್ಥವಾಗಿರುವಾಗ ನನ್ನ ಹೆಸರಿನಲ್ಲೇ ಪತ್ರ ಬರೆದೆ. ನಾನು ಇಂಡಿಯಾದ ಮೈಸೂರಿನ ಕಡೆಯವಳು, ನಮ್ಮಲ್ಲಿ ತಂದೆಯ ಅಣ್ಣತಮ್ಮಂದಿರು ಕೂಡ ಅಪ್ಪಂದಿರೇ, ಅವರ ಮಕ್ಕಳು ಒಡಹುಟ್ಟಿದವರು ಎಂದು ಬರೆದೆ. ನಾನು ಮದುವೆಯಾದದ್ದು ತಾಯಿಯ ತಮ್ಮನ ಮಗನನ್ನು, ಅದು ನಮ್ಮಲ್ಲಿ ಮರ್ಯಾದೆಯ ಮದುವೆ. ಹಾಗಾಗಿ ಮಾನ್ಯರು ಸರಿಯಾಗಿ ಎಳೆದಿದ್ದ ಗೆರೆಯನ್ನು ಅವರ ಮಾನ ಉಳಿಸುವ ಉದ್ದೇಶದಿಂದ ನಾನೇ ಅಳಿಸಿದೆ, ಅವರಿಗೆ ತಿಳಿಸಲೂ ಇಲ್ಲ. ಅವರ ಪೆನ್ಸಿಲ್ ಹಾಳೆಯ ಚಿತ್ರ ಜೊತೆಗಿದೆ, ಅಳಿಸಿದ ಗುರುತು ಕಾಣುತ್ತದೆ. ತಪ್ಪು ಪೂರ್ತಿ ನನ್ನದು. ಇಷ್ಟು ಬರೆದು, ಶಾಲೆಯಲ್ಲಿ ನಾನಿದ್ದ ಹುದ್ದೆಯನ್ನೂ ಕೆಳಗೆ ಸೇರಿಸಿದೆ. ಇತಿಹಾಸದ ಅಧ್ಯಾಪಕಿ ಎಂದು ಟೈಪು ಮಾಡುವಾಗ ಕೈ ತಡೆಯಿತು, ಆದರೂ ಮಾಡಿದೆ.

ಹನ್ನೊಂದು ದಿನ ಸುದ್ದಿಯಿಲ್ಲ. ಆ ದಿನಗಳಲ್ಲಿ ಹಾನೆಮ್ ಊಟ ಅರ್ಧಕ್ಕೇ ಬಿಡುತ್ತಿದ್ದರು ಎಂದು ಅಡುಗೆಯಾಕೆ ಹಿಂದಿನ ಬಾಗಿಲಲ್ಲಿ ನನಗೆ ಹೇಳಿದಳು. ನನ್ನ ಗಂಡ ಅವರ ಹಲ್ಲಿನ ಸೆಟ್ಟು ಸಡಿಲವಾಗಿದೆಯೇನೋ ಎಂದು ನೋಡಲು ಹೋಗಿ, ಸೆಟ್ಟು ಸರಿಯಾಗಿದೆ ಎಂದು ಹೇಳಿ ಸುಮ್ಮನೆ ಬಂದರು.

ಹನ್ನೆರಡನೆಯ ದಿನ ಮಂಗಳವಾರ. ನಾನು ಹಾನೆಮ್ ಎದುರು ಕೂತಿದ್ದಾಗಲೇ ಫೋನಿಗೆ ಮೇಲ್ ಬಂತು. ಸಮಿತಿಯವರು ನಿಮ್ಮ ಪತ್ರ ಓದಿ ಬಹಳ ಹೊತ್ತು ನಕ್ಕರು, ಇಂಥ ತಪ್ಪನ್ನು ಯಾರೂ ಸುಳ್ಳು ಹೇಳಿ ಕಟ್ಟಲಾರರು ಎಂದರು. ಮಾನ್ಯರ ಹೆಸರನ್ನು ಅವರ ತಂದೆಯ ಮಗಳಾಗಿ ಪುಸ್ತಕಕ್ಕೆ ಸೇರಿಸಿದ್ದೇವೆ. ಸ್ಮಶಾನದಲ್ಲಿ ಜಾಗದ ಹಕ್ಕೂ ಅವರಿಗಿದೆ. ಹೀಗೆ ಬರೆದಿತ್ತು. ನಾನು ಜೋರಾಗಿಯೇ ಓದಿದೆ, ಖುಷಿಗೆ ಎದ್ದೂ ನಿಂತೆ. ಹಾನೆಮ್ ಮಾತ್ರ ಕುರ್ಚಿಯ ತುದಿಗೆ ಬಂದು ಕೂತರು.

"ಎಡಗಡೆ ಜಾಗ ಇದೆಯಾ ಕೇಳಿ," ಅಂದರು. "ಮ್ಯಾಡಮ್ ಅಲ್ಲಿದ್ದಾಳೆ, ಅವನ ಎರಡನೆಯ ಹೆಂಡತಿ. ನನಗಿಂತ ಮುಂಚೆ ಹೋದಳು. ಆ ಜಾಗ ಅವಳಿಗೆ ಕೊಟ್ಟಿರುತ್ತಾರೆ. ಕೇಳಿ, ಈಗಲೇ ಕೇಳಿ."

ಅಲ್ಲೇ ನಿಂತು ಫೋನಿನಲ್ಲಿ ಬರೆದೆ. ಹೆಂಗಸರ ಕೋಣೆಯಲ್ಲಿ, ಮೆಟ್ಟಿಲಿಳಿದ ತಕ್ಷಣ ಎಡಗಡೆ, ಮಗುವಿನ ಪಕ್ಕದಲ್ಲಿ ಜಾಗವಿದೆಯೇ? ಅಪರಿಚಿತ ಗಂಡಸೊಬ್ಬನಿಗೆ ಬರೆಯುವ ಮಾತೇ ಇದು ಎಂದು ಒಂದು ಕ್ಷಣ ಅನ್ನಿಸಿತು. ಕಳಿಸಿದೆ. ಅಡುಗೆಯಾಕೆ ಚಹಾ ತಂದಳು, ಆರಿತು, ಬೇರೆ ತಂದಳು. ಎರಡನೆಯ ಲೋಟ ಮುಗಿಯುವಷ್ಟರಲ್ಲಿ ಉತ್ತರ ಬಂತು, ಈ ಸಲ ಸಮಿತಿಯ ಹೆಸರಿಲ್ಲದೆ, ಮುಖ್ಯಸ್ಥನಾದ ಆ ಮಗನ ಸ್ವಂತ ಹೆಸರಿನಲ್ಲಿ.

"ಎಡಗಡೆ ಮಗುವಿನ ಪಕ್ಕದ ಜಾಗ ಖಾಲಿ ಇದೆ. ಅಲ್ಲಿ ಯಾರನ್ನೂ ಮಲಗಿಸಬಾರದು ಎಂದು ಅಪ್ಪ ಹೇಳಿ ಹೋಗಿದ್ದರು. ಯಾಕೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ನನ್ನ ತಾಯಿಯನ್ನೂ ಬಲಗಡೆಯೇ ಮಲಗಿಸಿದೆವು."

ಇನ್ನೊಮ್ಮೆ ಓದಿ ಎಂದು ಹಾನೆಮ್ ಸನ್ನೆ ಮಾಡಿದರು. ಓದಿದೆ. ಮತ್ತೊಮ್ಮೆ ಓದಿಸಿದರು. ಆಮೇಲೆ ಒಮ್ಮೆಲೇ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ಐವತ್ತು ವರ್ಷ! ಐವತ್ತು ವರ್ಷ ಅವನು ಮಗಳನ್ನು ಮರೆತ ಅಂತ ದಿನಾ ಶಪಿಸಿದ್ದೇನೆ. ಒಂದು ಸಾಲು ಬರೆಯೋದಕ್ಕೆ ಏನಾಗಿತ್ತು ಅವನಿಗೆ? ಒಂದೇ ಒಂದು ಸಾಲು!"

ಅದನ್ನು ಅವರು ಕೇಳಿದ್ದು ನನ್ನ ಮುಖಕ್ಕೇ, ಬರೆಯದೆ ಉಳಿದವಳು ನಾನೇ ಎಂಬಂತೆ. ಇಂಗ್ಲಿಷಿನಲ್ಲಿ ಬೈದರು, ಫ್ರೆಂಚಿನಲ್ಲಿ ಬೈದರು, ಕೊನೆಗೆ ನನಗೆ ಒಂದಕ್ಷರವೂ ತಿಳಿಯದ ಅರೇಬಿಕ್‌ನಲ್ಲಿ ಬೈದರು. ನಾನು ಯಾವುದನ್ನೂ ತಿದ್ದಲು ಹೋಗದೆ ಅವರ ತೋಳು ಹಿಡಿದುಕೊಂಡು ನಿಂತು, ತೀರಿಹೋದ ಆ ಗಂಡನ ಪಾಲಿನದನ್ನೆಲ್ಲ ಬೈಸಿಕೊಂಡೆ.